ಮಲ್ಲವ್ವನ ತಾಟಿಗೆ ಕೈ ಹಾಕಬೇಡಿ

ನಮ್ಮ ಬೆಕ್ಕಿನ ಹೊಟ್ಟೆ ಕೆಟ್ಟು ಎಂಟು ತಿಂಗಳಾಗಿತ್ತು. ವಾರಕ್ಕೆ ಮೂರು ಸಲ ವಾಂತಿ, ದಿನಕ್ಕೆ ನಾಲ್ಕು ಸಲ ಭೇದಿ. ನಾಲ್ಕು ಕಿಲೋ ಇದ್ದವಳು ಮೂರೂವರೆಗೆ ಇಳಿದಿದ್ದಳು. ಇದನ್ನು ಯಾರ ಮುಂದೆ ಹೇಳಿದರೂ ನನ್ನ ಮಾತು ಮುಗಿಯೋದರೊಳಗೆ ಸಲಹೆ ರೆಡಿ. ಅವ್ವ ಹೇಳ್ತಿದ್ದಳು, "ಹಾಲು-ಅನ್ನ ಹಾಕ, ಎಲ್ಲಾ ಚಲೋ ಆಗತೈತಿ." ಬೆಂಗಳೂರಿನ ಗೆಳೆಯರು ಗ್ರೇನ್-ಫ್ರೀ ಕೊಡು ಅಂದರು, ಹಸಿ ಮಾಂಸ ಕೊಡು ಅಂದರು. ಒಬ್ಬಳಂತೂ ವಿದೇಶದಿಂದ ಬರುವ ವೀಗನ್ ಕ್ಯಾಟ್ ಫುಡ್ಡಿನ ಲಿಂಕನ್ನೇ ಕಳಿಸಿದಳು. ಇವರೆಲ್ಲ ನನ್ನ ಬೆಕ್ಕಿನ ಬಗ್ಗೆ ಮಾತಾಡ್ತಿದ್ದಾರೆ ಅಂತ ಬಹಳ ದಿನ ನಂಬಿದ್ದೆ. ಆಮೇಲೆ ಗೊತ್ತಾಯಿತು, ಎಲ್ಲರೂ ತಂತಮ್ಮ ಬಗ್ಗೆಯೇ ಮಾತಾಡ್ತಿದ್ದರು. ನನ್ನ ತಕರಾರು ಅದರ ಮೇಲೆಯೇ.

ಮಲ್ಲವ್ವ ನಮ್ಮ ಮನೆಗೆ ಬಂದದ್ದು ರಾಮದುರ್ಗದಿಂದ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಊರೊಳಗೆ ನುಗ್ಗಿದಾಗ ನಮ್ಮಕ್ಕನ ಮನೆಯ ಮಾಳಿಗೆಯ ಮೇಲೆ ಒಂದು ಮರಿ ಸಿಕ್ಕಿತು. ನೀರು ಇಳಿದ ಮೇಲೆ ಅಕ್ಕ ಅದನ್ನು ಕೈಚೀಲದಲ್ಲಿ ಹಾಕ್ಕೊಂಡು ಬೈಲಹೊಂಗಲಕ್ಕೆ ಬಂದಳು. ಹೊಳೆಯ ಹೆಸರೇ ಮರಿಗೂ ಆಯಿತು. ನಮ್ಮದು ಲಿಂಗಾಯತರ ಮನೆ. ಮೊಟ್ಟೆಯೂ ಒಳಗೆ ಬರೋದಿಲ್ಲ. ಬಂದವರ ಮುಂದೆಲ್ಲ ಅವ್ವ ಹೆಮ್ಮೆಯಿಂದ ಹೇಳ್ತಿದ್ದಳು: "ನಮ್ಮನಿ ಬೆಕ್ಕ ಭಾಳ ಶುದ್ಧ, ಮೊಟ್ಟಿ ಸೈತ ಮುಟ್ಟಂಗಿಲ್ಲ." ಮುಟ್ಟೋಕೆ ಮೊಟ್ಟೆ ಸಿಗಬೇಕಲ್ಲ!

ಈ ಹಾಲು-ಅನ್ನದ ಬೆಕ್ಕು ನಮ್ಮ ಸಂಪ್ರದಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಅಜ್ಜನ ಕಾಲದಲ್ಲಿ ಈ ಭಾಗದ ಮನೆಗಳಲ್ಲಿ ಜೋಳ ತುಂಬಿದ ಹಗೇವು ಇರುತ್ತಿತ್ತು, ಹತ್ತಿಯ ಅಂಡಿಗೆ ಇರುತ್ತಿತ್ತು, ದನದ ಕೊಟ್ಟಿಗೆ ಇರುತ್ತಿತ್ತು. ಇವೆಲ್ಲ ಇದ್ದಲ್ಲಿ ಇಲಿ ಇದ್ದೇ ಇರುತ್ತಿತ್ತು. ಬೆಕ್ಕಿನ ನಿಜವಾದ ಊಟ ಅದು. ಸಂಜೆ ಹಾಲು ಹಿಂಡುವಾಗ ಬಟ್ಟಲಿಗೆ ಹಾಕುತ್ತಿದ್ದ ನಾಲ್ಕು ಹನಿ ಬರೀ ಬಾಯಿರುಚಿ. ಬೆಕ್ಕು ಹಿತ್ತಲಲ್ಲಿ ಏನು ತಿಂದು ಬಂತು ಅಂತ ಯಾರೂ ಕೇಳಲಿಲ್ಲ, ಹಾಗಾಗಿ ಮನೆಯೂ ಶುದ್ಧ, ಬೆಕ್ಕಿನ ಹೊಟ್ಟೆಯೂ ತಂಪು. ಈಗ ಹಗೇವು ಮುಚ್ಚಿದ್ದೇವೆ, ಆರ್‌ಸಿಸಿ ಮನೆ ಕಟ್ಟಿದ್ದೇವೆ, ರಸ್ತೆಯಲ್ಲಿ ಟಿಪ್ಪರ್ ಓಡಾಡ್ತಾವೆ ಅಂತ ಬೆಕ್ಕನ್ನು ಒಳಗೇ ಇಟ್ಟಿದ್ದೇವೆ. ಇಲಿ ಹೋಯಿತು, ನಾಲ್ಕು ಹನಿ ಹಾಲು ಉಳಿಯಿತು. ಬಾಯಿರುಚಿಯೇ ಊಟವಾಯಿತು. ಇದನ್ನೇ ಈಗ ಸಂಪ್ರದಾಯ ಅಂತೀವಿ.

ಬೆಕ್ಕು ಮಾಂಸಾಹಾರಿಯಾಗಿರೋದು ಅದರ ಚಟ ಅಲ್ಲ. ಟಾರಿನ್ ಅನ್ನೋ ಒಂದು ವಸ್ತು ಅದರ ದೇಹದಲ್ಲಿ ಬೇಕಾದಷ್ಟು ತಯಾರಾಗೋದಿಲ್ಲ, ಊಟದಿಂದಲೇ ಬರಬೇಕು. ಕ್ಯಾರೆಟ್ಟಿನ ಬಣ್ಣದಿಂದ ನಾವು ಎ ಜೀವಸತ್ವ ಮಾಡಿಕೊಳ್ಳುತ್ತೇವೆ, ಬೆಕ್ಕಿಗೆ ಆ ವಿದ್ಯೆಯೂ ಇಲ್ಲ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯೂ ಕಡಿಮೆಯಾಗಿರುತ್ತದೆ. ಆದ್ದರಿಂದ ಭೇದಿ ಹತ್ತಿದ ಬೆಕ್ಕಿಗೆ ಹಾಲು ಹಾಕೋದು ಅಂದರೆ ಉರಿಯೋ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಂಗೆ.

ಇಷ್ಟು ಓದಿ ಪೇಟೆಯ ಓದುಗರು ತಲೆ ಆಡಿಸ್ತಿರಬಹುದು. ಈಗ ನಿಮ್ಮ ಸರದಿ.

ಪ್ಯಾಕೆಟ್ ದುಬಾರಿಯಾದಷ್ಟೂ ಒಳ್ಳೆಯದು ಅಂತ ನೀವು ನಂಬಿದ್ದೀರಿ. ನಾನೂ ನಂಬಿದ್ದೆ. 1987ರವರೆಗೆ ಪ್ಯಾಕೆಟ್ ಆಹಾರ ತಿಂದ ಬೆಕ್ಕುಗಳೇ ಹೃದಯದ ಸ್ನಾಯು ಸೋತು ಸಾಯುತ್ತಿದ್ದವು. ಟಾರಿನ್ ಸಾಲದ್ದೇ ಕಾರಣ ಅಂತ ಕ್ಯಾಲಿಫೋರ್ನಿಯಾದ ಪಶುವೈದ್ಯರು ಆ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಕಂಪನಿಗಳು ಅದನ್ನು ಹೆಚ್ಚಿಸಿದವು. ಚೀಲದ ಮೇಲಿನ ಚಿತ್ರ ಆಗಲೂ ಚೆಂದವೇ ಇತ್ತು. ನಾನಂತೂ ಎರಡು ತಿಂಗಳಲ್ಲಿ ಒಂಬತ್ತು ಬಗೆಯ ಆಹಾರ ಬದಲಿಸಿದೆ. ಒಂದು ಚೀಲ ತಂದು ನಾಲ್ಕು ದಿನ ಹಾಕೋದು, ವಾಂತಿ ಕಂಡ ಕೂಡಲೇ ಇನ್ನೊಂದು ಆರ್ಡರ್ ಮಾಡೋದು. ಪ್ರತಿ ಸಲ ನನಗೆ ಏನೋ ಮಾಡಿದ ಸಮಾಧಾನ. ಅವಳಿಗೆ ಮಾತ್ರ ಪ್ರತಿ ಸಲ ಹೊಸ ಏಟು.

ನಡುವೆ ಒಂದು ಕ್ಲಿನಿಕ್ಕಿನಲ್ಲಿ ಐದು ಸಲ ಗುಳಿಗೆ ಬರೆದುಕೊಟ್ಟರು, ಏನು ತಿನ್ನುತ್ತಾಳೆ ಅಂತ ಒಮ್ಮೆಯೂ ಕೇಳಲಿಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಗಳನ್ನು ನಾನು ದೂರೋದಿಲ್ಲ. ಬಾಗಿಲಲ್ಲಿ ಎಮ್ಮೆ, ಎತ್ತು ನಿಂತಿರುವಾಗ ಬುಟ್ಟಿಯಲ್ಲಿ ಬಂದ ಬೆಕ್ಕು ಯಾರ ಕಣ್ಣಿಗೆ ಬೀಳಬೇಕು? ಕೊನೆಗೆ ಧಾರವಾಡದ ಒಬ್ಬ ವೈದ್ಯರು ಸಗಣಿ, ಅಂದರೆ ಅವಳ ಮಲ, ಮತ್ತು ರಕ್ತ ಪರೀಕ್ಷೆ ಮಾಡಿಸಿ, ಜಂತು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೇಳಿದರು: "ಒಂದು ವಾರ ಇದರ ಬಾಯಿಗೆ ಏನೇನು ಹೋಗ್ತದೋ ಎಲ್ಲಾ ಬರೆದುಕೊಂಡು ಬಾ."

ಬರೆದೆ. ಮೂರು ತರದ ಒಣ ಆಹಾರ, ಎರಡು ತರದ ಪೌಚು, ಹಾಲು, ಬೆಣ್ಣೆ ಹಚ್ಚಿದ ಚಪಾತಿ, ಗ್ಲೂಕೋಸ್ ಬಿಸ್ಕೀಟು, ಪಕ್ಕದ ಮನೆಯ ಮೊಸರನ್ನ, ನಾನೇ ಹಿಂಡಿ ಹಿಂಡಿ ನೆಕ್ಕಿಸುತ್ತಿದ್ದ ಟ್ಯೂನಾ ಟ್ರೀಟು. ಒಟ್ಟು ಹತ್ತು ಬಾಬತ್ತು. ಈ ಹೊಟ್ಟೆಗೆ ಯಾವುದು ಆಗಿಬರೋದಿಲ್ಲ ಅಂತ ದೇವರು ಕೂಡ ಹೇಳಲಾರ.

ನ್ಯೂಜಿಲೆಂಡಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬಹಳ ದಿನದಿಂದ ಹೊಟ್ಟೆ ಕೆಟ್ಟಿದ್ದ 55 ಬೆಕ್ಕುಗಳಿಗೆ ಊಟ ಬದಲಿಸಿ ನೋಡಿದರು. 16 ಬೆಕ್ಕುಗಳು ಸುಧಾರಿಸಿದವು, ಹಳೇ ಊಟ ಕೊಟ್ಟಾಗ ಮತ್ತೆ ಕೆಟ್ಟವು. ಇನ್ನೂ 11 ಬೆಕ್ಕುಗಳು ಸುಧಾರಿಸಿ, ಹಳೇ ಊಟಕ್ಕೂ ಆಮೇಲೆ ಕೆಡಲಿಲ್ಲ. ಅಂದರೆ ಹತ್ತಿರಹತ್ತಿರ ಅರ್ಧದಷ್ಟು ಬೆಕ್ಕುಗಳಿಗೆ ತಾಟು ಬದಲಿಸಿದ್ದರಿಂದ ಅನುಕೂಲವಾಯಿತು. ಆದರೆ ಆ ಬದಲಾವಣೆ ಶಿಸ್ತಿನದು: ಬೆಕ್ಕು ಹಿಂದೆ ತಿನ್ನದ ಒಂದೇ ಪ್ರೋಟೀನು, ಕನಿಷ್ಠ ಎರಡು ವಾರ, ಬೇರೆ ಒಂದು ಚೂರೂ ಇಲ್ಲ.

ತಿನ್ನದ ಪ್ರೋಟೀನು ಯಾವುದು? ಸವದತ್ತಿಯ ನವಿಲುತೀರ್ಥ ಡ್ಯಾಮಿನ ಮೀನು ತರೋಣ ಅಂತ ನಾನು ಕುಣಿದೆ. ಚೀಲಗಳ ಹಿಂಭಾಗ ಓದಿದರೆ ಪ್ರತಿಯೊಂದರಲ್ಲೂ ಮೀನು. ಕೋಳಿಯಂತೂ ಎಲ್ಲದರಲ್ಲೂ. 'ಮಟನ್ ಫ್ಲೇವರ್' ಅಂತ ದೊಡ್ಡದಾಗಿ ಬರೆದ ಚೀಲದಲ್ಲೂ ಮೊದಲ ಹೆಸರು ಕೋಳಿಯದೇ. ಉಳಿದದ್ದು ಆಡು. ಬೈಲಹೊಂಗಲದಲ್ಲಿ ಆಡಿನ ಮಾಂಸಕ್ಕೆ ಬರವಿಲ್ಲ. ಬರ ಇದ್ದದ್ದು ಅದನ್ನು ಬೇಯಿಸೋ ಒಲೆಗೆ. ಅವ್ವ ಒಂದೇ ಮಾತು ಹೇಳಿದಳು: "ನಾ ಇರೂತನಕ ಈ ಮನ್ಯಾಗ ಬ್ಯಾಡವಾ."

ಕಿತ್ತೂರಿನಲ್ಲಿ ನನ್ನ ಕಾಲೇಜಿನ ಗೆಳತಿ ಇದ್ದಾಳೆ. ಅವರ ಮನೆಯಲ್ಲಿ ಮಾಂಸ ಮಾಡ್ತಾರೆ. ಫೋನ್ ಮಾಡಿದೆ. ಎಲುಬಿಲ್ಲದ ಮಾಂಸವನ್ನು ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಹಾಕದೆ (ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತಕ್ಕೆ ವಿಷ) ಬೇಯಿಸಿ ಡಬ್ಬಿ ತುಂಬಿ ಇಟ್ಟಿದ್ದಳು. ಬೇಯಿಸಿದ ನೀರನ್ನೂ ಚೆಲ್ಲಬೇಡ ಅಂದಿದ್ದೆ, ಟಾರಿನ್ ಅದರಲ್ಲೇ ಇಳಿಯುತ್ತದೆ. ಡಬ್ಬಿ ಕೈಗೆ ಕೊಡುತ್ತ ನಕ್ಕೊಂಡೇ ಅಂದಳು: "ನಿಮ್ಮ ಬೆಕ್ಕಿನ ಅಡಿಗಿ ನಮ್ಮನ್ಯಾಗ ಆಗತೈತಿ. ನಿಮ್ಮವ್ವಾರು ಬಂದಾಗ ಚಾ ಕೊಟ್ರ ಮಾತ್ರ ಈಗ ಕುಡದ ಬಂದೇವಿ ಅಂತಾರ."

ಬಸ್ಸಿನಲ್ಲಿ ವಾಪಸು ಬರುವಾಗ ತೊಡೆಯ ಮೇಲಿನ ಡಬ್ಬಿ ಇನ್ನೂ ಬಿಸಿ ಇತ್ತು. ನಾನು ಹತ್ತು ವರ್ಷದಲ್ಲಿ ಎಷ್ಟು ಸಲ ಆ ಮಾತನ್ನು ಪಕ್ಕದಲ್ಲಿ ನಿಂತು ಕೇಳಿದ್ದೆ, ಎಷ್ಟು ಸಲ ಸುಮ್ಮನಿದ್ದೆ ಅಂತ ಲೆಕ್ಕ ಹಾಕುತ್ತ ಬಂದೆ. ಮಾಂಸ ತಿನ್ನೋರಿಗೆ ಮನೆ ಬಾಡಿಗೆ ಕೊಡದ ಬೆಂಗಳೂರಿನ ಓನರುಗಳನ್ನು ಆಫೀಸಿನಲ್ಲಿ ಬೈಯೋದು ಸುಲಭ.

ಮರುದಿನ ನಾನೇ ಮಟನ್ ಅಂಗಡಿಗೆ ಹೋದೆ. ಮಾಳಿಗೆಯ ಮೇಲೆ ಒಂದು ಕರೆಂಟ್ ಒಲೆ, ಒಂದು ಬೋಗುಣಿ ಇಟ್ಟೆ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅವ್ವ ಎರಡು ದಿನ ಮಾತು ಬಿಟ್ಟಳು. ಆರನೇ ದಿನ ಸವದತ್ತಿಯಿಂದ ದೊಡ್ಡವ್ವ ಬಂದಳು, ಭರತ ಹುಣ್ಣಿಮೆ ಮುಗಿಸಿಕೊಂಡು. ನಾನು ಮೀಟಿಂಗಿನಲ್ಲಿದ್ದಾಗ ಬೆಕ್ಕಿಗೆ ತುಪ್ಪ ಹಚ್ಚಿದ ಹೋಳಿಗೆ ತಿನ್ನಿಸಿದಳು. ಕೇಳಿದರೆ, "ಎಲ್ಲಮ್ಮನ ಪ್ರಸಾದ ಐತವಾ, ಇದರಿಂದ ಯಾರ ಹೊಟ್ಟಿ ಕೆಟ್ಟೈತಿ?" ಮಲ್ಲವ್ವನದು ಕೆಟ್ಟಿತು, ಅದೇ ರಾತ್ರಿ. ಮತ್ತೆ ಮೊದಲನೇ ದಿನದಿಂದ ಶುರು. ಪ್ರೀತಿ ಇರೋ ಮನೆಯಲ್ಲಿ ಪಥ್ಯ ನಡೆಸೋದು ಎಷ್ಟು ಕಷ್ಟ ಅಂತ ಯಾವ ಚೀಲದ ಮೇಲೂ ಬರೆದಿರೋದಿಲ್ಲ.

ಎರಡನೇ ಸುತ್ತಿನ ಎಂಟನೇ ದಿನಕ್ಕೆ ಭೇದಿ ನಿಂತಿತು. ಹದಿನಾಲ್ಕು ದಿನ ವಾಂತಿ ಇಲ್ಲ. ಹದಿನೈದನೇ ದಿನ ಡಾಕ್ಟರು ಹೇಳಿದಂತೆ ಬೇಯಿಸಿದ ಕೋಳಿ ಕೊಟ್ಟೆ. ಎರಡೇ ದಿನ, ಮತ್ತೆ ಅದೇ ಕತೆ. ಎಂಟು ತಿಂಗಳು ನಾನು ಸಾವಿರಾರು ರೂಪಾಯಿ ಸುರಿದು ಪ್ರೀತಿಯಿಂದ ತಿನ್ನಿಸಿದ್ದು ಕೋಳಿಯನ್ನೇ.

ಹಾಗಂತ ಬರೀ ಆಡಿನ ಮಾಂಸವನ್ನೇ ವರ್ಷಗಟ್ಟಲೆ ಹಾಕುವಂತಿಲ್ಲ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಇಲ್ಲವೇ ಇಲ್ಲ ಅನ್ನುವಷ್ಟು. ಕೊನೆಗೆ ಡಾಕ್ಟರು ಬರೆದುಕೊಟ್ಟದ್ದು ಹೈಡ್ರೊಲೈಸ್ಡ್ ಆಹಾರ: ಕರುಳು ಗುರುತು ಹಿಡಿಯಲಾರದಷ್ಟು ಸಣ್ಣದಾಗಿ ಪ್ರೋಟೀನನ್ನು ಒಡೆದದ್ದು. ಕೋಳಿಯಿಂದ ಮಾಡಿದ್ದೂ ಸಿಗುತ್ತದೆ, ನಾವು ಸೋಯಾದಿಂದ ಮಾಡಿದ್ದನ್ನು ಹುಡುಕಿ ತಂದೆವು. ಮೊದಲ ದಿನ ಮೂಸಿ ನೋಡಿ ತಿರುಗಿ ಹೋದಳು. "ಹಸಿವಾದ್ರ ತಾನ ತಿಂತೈತಿ ಬಿಡ" ಅಂದರು ಎಲ್ಲರೂ. ನಾಯಿಗೆ ಆ ಮಾತು ನಡೆಯಬಹುದು. ಬೆಕ್ಕು ಎರಡು-ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರಬಹುದು. ಆಡಿನ ಮಾಂಸದಲ್ಲಿ ಚೂರುಚೂರು ಬೆರೆಸಿ ಹತ್ತು ದಿನ ತಗೊಂಡು ಬದಲಿಸಿದೆ.

ದರ ಕೇಳಿ ಅಪ್ಪ ಸುಮ್ಮನೆ ಕೂತ. 2025-26ಕ್ಕೆ ಸೋಯಾದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 5,328 ರೂಪಾಯಿ, ಸಣ್ಣ ಚೀಲವೊಂದಕ್ಕೆ ನಾನು ಕೊಟ್ಟದ್ದು ಅದರ ಅರ್ಧಕ್ಕೂ ಹೆಚ್ಚು. ಅವನು ನಮ್ಮ ಹೊಲದ ಸೋಯಾ ಎಷ್ಟಕ್ಕೆ ಮಾರಿದ್ದ ಅಂತ ನಾನು ಕೇಳಲಿಲ್ಲ.

ಅವ್ವ ಮಾತ್ರ ಗೆದ್ದವಳಂತೆ ನಿಂತಳು. "ಕಡೀಕ ಸೋಯಾನ ತಿಂದು ಆರಾಮ ಆತಿಲ್ಲ? ಇದಕ್ಕ ಯಾಕ ಮಟನ್ ಅಂಗಡಿ ಮುಂದ ನಿಂತು ಊರ ಬಾಯಿಗೆ ಬಿದ್ದಿ?" ವೀಗನ್ ಗೆಳತಿಯಿಂದಲೂ ಅದೇ ದಿನ ಮೆಸೇಜು: ನೋಡಿದೆಯಾ? ಇಬ್ಬರಿಗೂ ಚೀಲದ ಹಿಂಭಾಗ ಓದಿ ಹೇಳಿದೆ. ಅದರಲ್ಲಿ ಪ್ರಾಣಿಯ ಕೊಬ್ಬಿದೆ, ಟಾರಿನ್ ಬೇರೆಯಾಗಿ ಹಾಕಿದ್ದಾರೆ, ಎ ಜೀವಸತ್ವ ಹಾಕಿದ್ದಾರೆ. ನಮ್ಮ ಬೇಳೆ-ಅನ್ನಕ್ಕೆ ಇದನ್ನೆಲ್ಲ ಯಾರು ಹಾಕ್ತಾರೆ? ಗೆಳತಿ ಉತ್ತರಿಸಲಿಲ್ಲ. ಅವ್ವ, "ಕೊಬ್ಬ ಐತಂದ್ರ ಆ ಚೀಲಾನೂ ಮ್ಯಾಲೇ ಇಡ" ಅಂದಳು.

ಮಲ್ಲವ್ವ ಈಗ ಮೂರು ಕಿಲೋ ಎಂಟುನೂರು ಗ್ರಾಂ. ಊಟ ಮಾಳಿಗೆಯ ಮೇಲೆ, ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಆ ಬೋಗುಣಿಯೂ ಅಲ್ಲೇ ಇದೆ. ಕೆಳಗೆ ತರೋಕೆ ಅವ್ವ ಬಿಟ್ಟಿಲ್ಲ, ಎಸೆಯೋಕೆ ನಾನು ಬಿಟ್ಟಿಲ್ಲ.