ವ್ಯಸನಿಗೆ ಬಾಗಿಲು ಮುಚ್ಚಬೇಡಿ

ಮಾದಕದ್ರವ್ಯ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ವ್ಯಸನಿ ಮಗನನ್ನು ಮನೆಯಿಂದ ಹೊರಗಟ್ಟಿದರೆ ಅವನು ಸೇರುವುದು ಅದೇ ಗೆಳೆಯರ ಕೂಟವನ್ನು. ಅಲ್ಲಿ ಒಂದೇ ಸೂಜಿ ಕೈಯಿಂದ ಕೈಗೆ ಹೋಗುತ್ತದೆ; ಅದರಲ್ಲುಳಿದ ರಕ್ತದೊಂದಿಗೆ ಎಚ್‌ಐವಿ ಹರಡಿ, ಅವನ ಹೆಂಡತಿಯವರೆಗೂ ಬರುತ್ತದೆ.

ಯಾರ ಮಾತನ್ನೂ ಕೇಳದವನು ಆ ಗೆಳೆಯರ ಮಾತನ್ನಾದರೂ ಕೇಳುತ್ತಾನೆ. ಅದಕ್ಕೇ ನಮ್ಮ ದೇಶದ ಏಡ್ಸ್ ತಡೆ ಕಾರ್ಯಕ್ರಮ ಅವರಲ್ಲೇ ಕೆಲವರನ್ನು ತರಬೇತುಗೊಳಿಸಿ, ಹೊಸ ಸೂಜಿಯನ್ನೂ ಪರೀಕ್ಷೆಯ ತಿಳುವಳಿಕೆಯನ್ನೂ ತಲುಪಿಸುತ್ತದೆ. ಇದು ವ್ಯಸನಕ್ಕೆ ಪ್ರೋತ್ಸಾಹವೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಇರಾನಿನ ನ್ಯಾಯಾಂಗದ ಮುಖ್ಯಸ್ಥರು 2005ರಲ್ಲೇ ಇಂಥ ಕೆಲಸಕ್ಕೆ ಅಡ್ಡಿಪಡಿಸದಂತೆ ಸೂಚಿಸಿದ್ದರು. ಜೀವ ಉಳಿದರೆ ತಾನೇ ತೌಬಾ?

ಎಚ್‌ಐವಿ ವಾಸಿಮಾಡುವ ಮದ್ದು ನಮ್ಮ ಯುನಾನಿಯಲ್ಲಿಲ್ಲ. ಎಆರ್‌ಟಿ ಔಷಧಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಪೋಷಕರೇ, ಬಾಗಿಲು ತೆರೆದಿಡಿ. ಸಹಾಯವಾಣಿ 1097ಕ್ಕೆ ಕರೆ ಮಾಡಿ.