ಮೀನಿಗೆ ಔಷಧಿ ಆಮೇಲೆ, ಮೊದಲು ನೀರು ನೋಡಿ

"ನೂರೈವತ್ತು ರೂಪಾಯಿ ಮೀನು ಕಣ್ರೀ, ಹೋದ್ರೆ ಇನ್ನೊಂದು ತಂದ್ರಾಯ್ತು." ನಮ್ಮ ವೈಟ್‌ಫೀಲ್ಡ್ ಕಡೆ ಈ ಮಾತನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಹೇಳೋರು ಕೆಟ್ಟೋರೇನಲ್ಲ. ಬೀದಿ ನಾಯಿಗೆ ಅನ್ನ ಹಾಕೋರು, ಬೇಸಿಗೇಲಿ ಹಕ್ಕಿಗೆ ನೀರಿಡೋರು. ಮೀನಿನ ವಿಷಯಕ್ಕೆ ಬಂದ್ರೆ ಮಾತ್ರ ಅದು ಜೀವ ಅನ್ನೋದು ಮರ್ತು ಹೋಗತ್ತೆ. ಅದಕ್ಕೇ ಇವತ್ತು ಸ್ವಲ್ಪ ಖಾರವಾಗೇ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ನಾನು ಹೇಳೋದು ಇಷ್ಟೇ. ನಮ್ಮ ಮನೆಗಳಲ್ಲಿ ಫೈಟರ್ ಮೀನು ಕಾಯಿಲೆ ಬೀಳೋದಕ್ಕೆ ಮುಕ್ಕಾಲು ಪಾಲು ಕಾರಣ ನಾವು ಅದನ್ನ ಇಟ್ಟಿರೋ ನೀರು, ಇಟ್ಟಿರೋ ಪಾತ್ರೆ. ಅದು ಸರಿಯಾಗದೆ ಅಂಗಡಿಯಿಂದ ನೀಲಿ ಔಷಧಿ ತಂದು ಸುರಿದ್ರೆ ಏನೂ ಪ್ರಯೋಜನ ಇಲ್ಲ.

"ಈ ಮೀನಿಗೆ ಏನೂ ಬೇಡ, ಬಾಟ್ಲಲ್ಲೂ ಬದುಕತ್ತೆ" ಅಂತ ಅಂಗಡಿಯೋರು ಹೇಳ್ತಾರಲ್ಲ, ಆ ಮಾತು ಎಲ್ಲಿಂದ ಬಂತು ನೋಡಿ. ಹೆಸರೇನೋ ಬೆಟ್ಟಾ, ಇಡೋದು ಬಾಟ್ಲಲ್ಲಿ! ಇದರ ಊರು ಥಾಯ್ಲೆಂಡ್ ಕಡೆ. ಭತ್ತದ ಗದ್ದೆ, ಜೌಗು, ಗಿಡ ತುಂಬಿದ ನಿಧಾನದ ಕಾಲುವೆ, ಇಂಥಾ ಕಡೆ ಇರೋ ಮೀನು. 2019ರಲ್ಲಿ ಆ ದೇಶದೋರು ಇದನ್ನ ತಮ್ಮ ರಾಷ್ಟ್ರೀಯ ಜಲಚರ ಅಂತಾನೇ ಮಾಡ್ಕೊಂಡ್ರು. ಬಿಸಿಲಿಗೆ ಗದ್ದೆ ನೀರಲ್ಲಿ ಆಮ್ಲಜನಕ ಕಮ್ಮಿ ಆದ್ರೂ ತಡ್ಕೊಳ್ಳಲಿ ಅಂತ ಕಿವಿರಿನ ಹತ್ರ ಇದಕ್ಕೆ ಇನ್ನೊಂದು ಅಂಗ ಇದೆ. ಮೇಲೆ ಬಂದು ಬಾಯಲ್ಲಿ ಗಾಳಿ ಎಳ್ಕೊಂಡು ಉಸಿರಾಡತ್ತೆ. ಗಾಳಿಯ ಪಂಪ್ ಇಲ್ಲದೆ ಸಾಯಲ್ಲ ಅನ್ನೋದು ನಿಜ. ಆದ್ರೆ ಗಾಳಿ ಮೇಲಿಂದ ತಗೋಬಹುದು, ಕೊಳಕು ನೀರಿಂದ ಮೈ ತಪ್ಪಿಸ್ಕೊಳ್ಳೋದು ಹೆಂಗೆ? ಬದುಕೋದು ಬೇರೆ, ಬಾಳೋದು ಬೇರೆ. ಗದ್ದೆ ತೆಳ್ಳಗಿರಬಹುದು, ಅಗಲ ಎಷ್ಟಿರತ್ತೆ ಯೋಚನೆ ಮಾಡಿ.

ಒಂದು ಲೀಟರ್ ಬಾಟ್ಲಲ್ಲಿ ಏನಾಗತ್ತೆ ಅಂದ್ರೆ, ಮೀನಿನ ಹೇಲು, ತಿನ್ನದೆ ಬಿಟ್ಟ ಕಾಳು ಎಲ್ಲಾ ಕೊಳೆತು ಅಮೋನಿಯಾ ಆಗತ್ತೆ. ನೀರು ಕಣ್ಣಿಗೆ ತಿಳಿಯಾಗೇ ಕಾಣತ್ತೆ, ಒಳಗೆ ವಿಷ. ದೊಡ್ಡ ತೊಟ್ಟಿ, ಒಂದು ಸ್ಪಂಜ್ ಫಿಲ್ಟರ್ ಇದ್ರೆ ಅದರಲ್ಲಿ ಒಂಥರಾ ಬ್ಯಾಕ್ಟೀರಿಯಾ ಬೆಳೆದು ಆ ವಿಷಾನ ಕಮ್ಮಿ ತೊಂದರೆಯದಾಗಿ ಬದಲಾಯಿಸ್ತಾವೆ. ನಮ್ಮ ಮೊಸರಿನ ಹೆಪ್ಪು ಇದ್ದಂಗೆ ಅಂದ್ಕೊಳ್ಳಿ. ಹೆಪ್ಪು ಹಿಡಿಯೋಕೆ ಒಂದು ರಾತ್ರಿ ಸಾಕು, ಇದಕ್ಕೆ ನಾಲ್ಕೈದು ವಾರ ಬೇಕು. ನಾವೇನ್ಮಾಡ್ತೀವಿ? ಭಾನುವಾರ ಬಂತು ಅಂದ್ರೆ ಪೂರ್ತಿ ನೀರು ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲಾ ನಲ್ಲಿ ಕೆಳಗಿಟ್ಟು ತಿಕ್ಕಿ ತೊಳೀತೀವಿ. ಹೆಪ್ಪನ್ನೇ ತೊಳೆದು ಮೋರಿಗೆ ಬಿಟ್ಟಂಗಾಯ್ತು. ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿದ್ರೆ ಸಾಕು. ಸ್ಪಂಜನ್ನ ಅದೇ ತೊಟ್ಟಿಯಿಂದ ತೆಗೆದ ಹಳೇ ನೀರಲ್ಲಿ ಹಿಂಡಿದ್ರೆ ಸಾಕು.

ಇನ್ನು ನಮ್ಮ ಕಡೆ ನೀರು ಕೇಳ್ಬೇಕಾ? ಇವತ್ತು ಬೋರು, ನಾಳೆ ಟ್ಯಾಂಕರ್, ನಾಡಿದ್ದು ಕಾವೇರಿ. 2024ರ ಬೇಸಿಗೇಲಂತೂ ಯಾವ ಟ್ಯಾಂಕರ್ ಬಂದ್ರೂ ಸಾಕು ಅಂತ ಕಾಯ್ತಾ ಇದ್ವಿ. ಬೋರ್ ನೀರು ಗಡಸು. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ನಮಗದು ಒಳ್ಳೇದು, ಮೀನಿನ ಕಿವಿರು ಸುಡತ್ತೆ. ಆರ್‌ಓ ನೀರು ಶುದ್ಧ ಅಂತ ಅದನ್ನೇ ತುಂಬ್ತಾರೆ ಕೆಲವರು, ಅದ್ರಲ್ಲಿ ಮೀನಿಗೆ ಬೇಕಾದ ಖನಿಜಾನೂ ಇರಲ್ಲ. ಗಡಸು ನೀರಿಗೆ ಈ ಮೀನು ನಿಧಾನವಾಗಿ ಒಗ್ಗತ್ತೆ, ದಿನಕ್ಕೊಂದು ಥರ ನೀರಾದ್ರೆ ಒಗ್ಗಲ್ಲ. ಒಂದು ಬಕೀಟು ನೀರು ಹಿಡಿದು ಒಂದು ದಿನ ಬಾಯಿ ತೆರೆದಿಡಿ, ಇಲ್ಲಾ ಅಂಗಡೀಲಿ ಸಿಗೋ ಆಂಟಿ ಕ್ಲೋರಿನ್ ಹನಿ ಹಾಕಿ. ತೊಟ್ಟಿ ನೀರಿನಷ್ಟೇ ಬೆಚ್ಚಗಿದ್ಯಾ ನೋಡಿ ಸೇರಿಸಿ.

ಬೆಚ್ಚಗೆ ಅಂದೆನಲ್ಲ, ಅದೂ ಮುಖ್ಯ. ಇದಕ್ಕೆ 25ರಿಂದ 28 ಡಿಗ್ರಿ ಬೇಕು. ಡಿಸೆಂಬರ್, ಜನವರಿ ರಾತ್ರಿ ನಾವೇ ಸ್ವೆಟರ್ ಹಾಕ್ಕೊಂಡು ಮಲಗ್ತೀವಿ, ಬೆಂಗಳೂರಲ್ಲಿ 15 ಡಿಗ್ರಿ ಹತ್ರ ಇಳಿಯತ್ತೆ. ಕಿಟಕಿ ಪಕ್ಕದ ಸಣ್ಣ ಬಾಟ್ಲಿ ಏನಾಗ್ಬೇಕು? ಚಳಿಗೆ ಮೀನು ಮಂಕಾಗತ್ತೆ, ತಿಂದಿದ್ದು ಅರಗಲ್ಲ, ಕಾಯಿಲೆ ಬೇಗ ಅಂಟತ್ತೆ.

ಈಗ ಕಾಯಿಲೆ ಗುರುತು ಹೇಳ್ತೀನಿ. ರೆಕ್ಕೆ ಮಡಚ್ಕೊಂಡು ತಳದಲ್ಲಿ ಬಿದ್ದಿದ್ರೆ, ಬಣ್ಣ ಮಾಸಿದ್ರೆ, ಮೊದಲು ನೀರು, ಶಾಖ ನೋಡಿ. ರೆಕ್ಕೆ ಅಂಚು ಹರಿದು ಕಪ್ಪಾಗ್ತಿದ್ರೆ ರೆಕ್ಕೆ ಕೊಳೆಯೋ ರೋಗ. ಮೊದಮೊದಲಿಗಾದ್ರೆ ಒಳ್ಳೇ ನೀರಲ್ಲೇ ಎಷ್ಟೋ ಸಲ ವಾಸಿ ಆಗತ್ತೆ. ಮೈಮೇಲೆ ರವೆ ಉದುರಿಸಿದಂಗೆ ಬಿಳಿ ಚುಕ್ಕೆ ಬಂದ್ರೆ ಅದು ಪರೋಪಜೀವಿ, ಅದಕ್ಕೆ ಔಷಧಿ ಬೇಕೇ ಬೇಕು. ಹೊಟ್ಟೆ ಉಬ್ಬಿದ್ರೆ ಒಂದೆರಡು ದಿನ ಉಪವಾಸ ಹಾಕಿ. ಏಕಾದಶಿ ಮಾಡೋ ಮನೇಲಿ ಇದನ್ನ ಹೇಳ್ಕೊಡ್ಬೇಕಾ? ಅದರ ಹೊಟ್ಟೆ ಸುಮಾರು ಅದರ ಕಣ್ಣಿನಷ್ಟು. ಹೊತ್ತಿಗೆ ಮೂರು ನಾಕು ಕಾಳು ಸಾಕು. ಇದು ಹುಳ ತಿನ್ನೋ ಮೀನು. ಬ್ರೆಡ್ಡು, ಇಡ್ಲಿ ಚೂರು ಹಾಕ್ಬೇಡಿ. ಹೊಟ್ಟೆ ಉಬ್ಬಿ, ಹುರುಪೆ ಎಲ್ಲಾ ಅನಾನಸ್ ಸಿಪ್ಪೆ ಥರ ಎದ್ದು ನಿಂತ್ರೆ ಮಾತ್ರ ಉಳಿಯೋದು ಕಷ್ಟ. ಆಗ್ಲೂ ಬೆಚ್ಚಗಿನ ಶುದ್ಧ ನೀರಲ್ಲಿ, ಗಲಾಟೆ ಇಲ್ಲದ ಕಡೆ ಇಡಿ. ಮಕ್ಕಳು ಗಾಜು ತಟ್ಟದಂಗೆ ನೋಡ್ಕೊಳ್ಳಿ.

ರಸ್ತೆ ಬದಿ ಬಾದಾಮಿ ಮರ ಇದ್ಯಲ್ಲ, ಅದರ ಒಣಗಿ ಕಂದು ಆದ ಎಲೇನ ಚೆನ್ನಾಗಿ ತೊಳೆದು ಒಂದು ಹಾಕಿ. ನೀರು ಟೀ ಬಣ್ಣ ಆಗತ್ತೆ, ಹೆದರ್ಬೇಡಿ. ಈ ಮೀನು ಸಾಕೋರು ಹಿಂದಿನಿಂದ ಬಳಸೋದು ಅದನ್ನೇ. ಆದ್ರೆ ಮನೇಲಿ ಮಿಕ್ಕ ಮನುಷ್ಯರ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ಸುರಿಯೋದು, ಅರಿಶಿನ ಹಾಕೋದು, ಅಳತೆ ಇಲ್ಲದೆ ಉಪ್ಪು ಸುರಿಯೋದು, ಇವೆಲ್ಲಾ ಚಿಕಿತ್ಸೆ ಅಲ್ಲ. ಯಾವ ರೋಗ ಅಂತ ಗೊತ್ತಿಲ್ಲದೆ ಮೂರು ಔಷಧಿ ಬೆರೆಸೋದನ್ನ ನಮ್ಮ ಮಕ್ಕಳಿಗೆ ಮಾಡ್ತೀವಾ?

"ಮೀನು ಸಾರು ಮಾಡ್ಕೊಂಡು ತಿನ್ನೋರು, ಒಂದು ಮೀನಿಗೆ ಇಷ್ಟು ಮರುಗೋದಾ" ಅಂತ ಕೇಳೋರಿದಾರೆ. ತಿನ್ನೋದು ಬಿಡೋದು ಅವರವರ ಮನೆ ವಿಚಾರ. ಸಾಕ್ತೀನಿ ಅಂತ ಮನೆಗೆ ತಂದ ಮೇಲೆ ಅದು ನಮ್ಮ ಜವಾಬ್ದಾರಿ. "ನೂರೈವತ್ತರ ಮೀನಿಗೆ ಸಾವಿರದ ಹೀಟರಾ" ಅಂತಾರೆ. ಖರ್ಚು ಆಗಲ್ಲ ಅಂದ್ರೆ ತರಬೇಡಿ, ಅದ್ರಲ್ಲಿ ಅವಮಾನ ಏನಿಲ್ಲ. ನನ್ನ ಮಾತು ಬಿಡಿ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮನುಷ್ಯರನ್ನ ಬಿಟ್ಟು ಮಿಕ್ಕ ಎಲ್ಲಾ ಜೀವಿಗಳನ್ನೂ ಪ್ರಾಣಿ ಅಂತಾನೇ ಹೇಳತ್ತೆ. ಓಡಾಡೋಕೆ ಜಾಗ ಇಲ್ಲದಂಗೆ ಕೂಡಿಹಾಕೋದು ಅದರ ಪ್ರಕಾರ ಹಿಂಸೆ.

ನನಗೆ ಅತೀ ಕೋಪ ಬರೋದು ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ವಿಷಯದಲ್ಲಿ. ಮಗುವಿನ ಕೈಗೆ ಮುಚ್ಚಳ ಬಿಗಿದ ಬಾಟ್ಲಲ್ಲಿ ಮೀನು ಕೊಟ್ಟು ಕಳಿಸ್ತಾರೆ. ಆ ಮನೇಲಿ ತೊಟ್ಟಿ ಇದ್ಯಾ, ನೋಡ್ಕೊಳ್ಳೋರಿದಾರಾ, ಯಾರೂ ಕೇಳಲ್ಲ. ಮಗು ಎರಡು ದಿನ ಆಡತ್ತೆ, ಅಪ್ಪ ಫೋಟೋ ತೆಗೀತಾರೆ, ಮೂರನೇ ದಿನದಿಂದ ನೀರು ಬದಲಾಯಿಸೋಳು ಅಮ್ಮ. ಮೀನು ಸತ್ರೆ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿ, ಮಗುಗೆ "ಬೇರೆ ತರೋಣ ಬಿಡು" ಅಂತಾರೆ. ಮಗು ಏನು ಕಲೀತು? ಕಾಯಿಲೆ ಬಿದ್ದದ್ದನ್ನ ಎಸೆದು ಹೊಸದು ತರಬಹುದು ಅಂತ. ನಾಳೆ ನಮಗೂ ವಯಸ್ಸಾಗತ್ತೆ ಕಣ್ರಮ್ಮ.

ಇನ್ನೊಂದು, ಸಾಕೋಕಾಗ್ತಿಲ್ಲ, ಪುಣ್ಯ ಬರ್ಲಿ ಅಂತ ಕೆರೆಗೆ ಬಿಡೋದು. ವರ್ತೂರು ಕೆರೆ ನೊರೆ ಉಕ್ಕಿ ರಸ್ತೆಗೆ ಬಂದಿದ್ದು ನೋಡಿದ್ದೀವಲ್ಲ, ಅಂಥಾ ನೀರಲ್ಲಿ ಬಿಟ್ರೆ ಮೀನಿಗೆ ಪುಣ್ಯ ಎಲ್ಲಿ? ಕೆರೆ ನೀರು ಚೆನ್ನಾಗಿದ್ರೂ ಇದರ ರೋಗ ಅಲ್ಲಿನ ಮೀನಿಗೆ ಅಂಟಬಹುದು. ಬಿಡಬೇಡಿ, ಸಾಕೋರಿಗೆ ಕೊಡಿ.

ಚೆನ್ನಾಗಿ ನೋಡ್ಕೊಂಡ್ರೆ ಈ ಮೀನು ಎರಡು ಮೂರು ವರ್ಷ ಇರತ್ತೆ, ಊಟ ಹಾಕೋರನ್ನ ಕಂಡ್ರೆ ಮುಂದೆ ಬರತ್ತೆ. ಮನೆಗೆ ಬರೋ ವಾಟರ್ ಕ್ಯಾನು 20 ಲೀಟರ್ ತಾನೇ? ಒಂದು ಮೀನಿಗೆ ಅಷ್ಟು ನೀರು, ಮೇಲೊಂದು ಗಾಳಿ ಆಡೋ ಮುಚ್ಚಳ, ಒಂದು ಸ್ಪಂಜ್ ಫಿಲ್ಟರ್, ಚಳಿಗಾಲಕ್ಕೆ ಹೀಟರ್. ಇಷ್ಟು ಮಾಡೋಕಾದ್ರೆ ತನ್ನಿ. ಮುಂದಿನ ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಒಂದೊಂದು ತುಳಸಿ ಸಸಿ, ಇಲ್ಲಾ ಒಂದೊಂದು ಕಥೆ ಪುಸ್ತಕ ಕೊಡಿ. ನಿಮ್ಮನೆ ಮೀನು ಈಗ್ಲೇ ಮಂಕಾಗಿದ್ರೆ ಔಷಧಿ ಅಂಗಡಿಗೆ ಓಡ್ಬೇಡಿ, ಒಂದು ಬಕೀಟು ನೀರು ಹಿಡಿದಿಡಿ.