ಬಂದೂಕು ಬೆಳೆ ಕಾಯುವುದಿಲ್ಲ

ಹಿಂಗಾರಿ ಕಡಲೆ ಗೇಣುದ್ದ ಬಂದಿತೆಂದರೆ ಬಯಲುಸೀಮೆಯ ರೈತರ ಬಾಯಲ್ಲಿ ಒಂದೇ ದೂರು: ಚಿಗರೆ ಕಾಟ. ಗದಗ, ಕೊಪ್ಪಳ, ಹಾವೇರಿ ಜಿಲ್ಲೆಗಳ ಎರೆಹೊಲಗಳಿಗೆ ಹಿಂಡು ಇಳಿದರೆ ಬೆಳಗಾಗುವುದರೊಳಗೆ ಸಾಲಿಗೆ ಸಾಲು ಬೋಳು. ಬಿತ್ತಿದ ಮೂವತ್ತು ನಲವತ್ತು ದಿನಕ್ಕೆ ಕಡಲೆಯ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆಂದು ನಾವೇ ಹೇಳುತ್ತೇವೆ. ಆದರೆ ಚಿಗರೆ ಕುಡಿಗೇ ನಿಲ್ಲುವುದಿಲ್ಲ, ಗಿಡವನ್ನೇ ಮೇಯುತ್ತದೆ. ಮೇಯ್ದುದಕ್ಕಿಂತ ತುಳಿದದ್ದೇ ಹೆಚ್ಚು. ಬೀಜ, ಗೊಬ್ಬರ, ಕೂಲಿ ಎಲ್ಲವನ್ನೂ ಸಾಲ ಮಾಡಿ ಹಾಕಿದ ರೈತ ಆ ಬೋಳು ಹೊಲದ ಬದುವಿನ ಮೇಲೆ ನಿಂತಾಗ ಅವನ ಕೈ ಬಂದೂಕಿನ ಕಡೆ ಹೋದರೆ ಆಶ್ಚರ್ಯವಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಉಪಾಯ ಸರಿಯಲ್ಲ. ಏಕೆಂಬುದನ್ನು ನಾನು ಕಣ್ಣಾರೆ ಕಂಡ ಒಂದು ಸಂಜೆಯಿಂದಲೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಛಟ್ಟಿ ಅಮಾವಾಸ್ಯೆಯ ಹಿಂದಿನ ದಿನ ಪರಿಚಯದ ರೈತರೊಬ್ಬರ ಹೊಲಕ್ಕೆ ಬೆಳೆ ಹಾನಿ ನೋಡಲು ಹೋಗಿದ್ದೆ. ನೋಡುವಷ್ಟರಲ್ಲಿ ಹೊತ್ತು ಮುಳುಗಿತು. ಅವರು ಗುಡಿಸಲಿನೊಳಗಿಂದ ಹೊಸ ರೈಫಲ್ ತಂದರು. ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದು ಕೊಂಡ 0.315 ಅಂಗುಲದ ರೈಫಲ್. ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. “ಸಾಹೇಬ್ರ, ಇವತ್ತ ಎರಡ ಚಿಗರಿ ಕೆಡವಿದ್ರ ಉಳಿದವು ಈ ಕಡೆ ಹಾಯಂಗಿಲ್ಲ. ನರಿ ಬಂದ್ರ ಅದನ್ನೂ ಬಿಡಂಗಿಲ್ಲ, ಹ್ವಾದ ತಿಂಗಳ ಎರಡ ಕೋಳಿ ಒಯ್ದೈತಿ” ಎಂದರು. ಬೇಡವೆಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬೋಳಾದ ಹೊಲ ಕಣ್ಣೆದುರಿಗಿತ್ತು, ಬಾಯಿ ಏಳಲಿಲ್ಲ. ಆ ತಪ್ಪು ನನ್ನದು.

ಗಂಟೆಯೊಂದು ಕಳೆಯಿತು. ಕತ್ತಲೆ ದಟ್ಟವಾಯಿತು. ಅವರ ಮಗ ಬ್ಯಾಟರಿ ಹಾಕಿದಾಗ ನೂರೈವತ್ತು ಹೆಜ್ಜೆ ದೂರದಲ್ಲಿ ಕಣ್ಣುಗಳು ಮಿನುಗಿದವು, ಎಂಟೋ ಹತ್ತೋ ಜೊತೆ. ರೈತರು ರೈಫಲ್ಲನ್ನು ಹೆಗಲಿಗೇರಿಸಿ ಗುರಿ ಹಿಡಿದರು. ಆ ಗಳಿಗೆಯಲ್ಲಿ ಆ ಕಣ್ಣುಗಳ ಹಿಂದೆ, ಅದೇ ನೇರಕ್ಕೆ, ಒಂದು ಕೆಂಪು ಚುಕ್ಕೆ ಕಂಡಿತು. ಹೊಳೆಯಿತು, ಮಂಕಾಯಿತು, ಮತ್ತೆ ಹೊಳೆಯಿತು. ಬೀಡಿ! ಆಚೆಯ ಹೊಲದವರು ಗೋವಿನಜೋಳ ಕಿತ್ತ ಮೇಲೆ ಗೊಬ್ಬರಕ್ಕೆಂದು ಕುರಿ ತರುಬಿಸಿದ್ದರು. ಆ ಹಿಂಡಿನ ಕುರಿಗಾಹಿ ಕಂಬಳಿ ಹೊದ್ದು ಕುಳಿತಿದ್ದ. ರೈತರು ಕುದುರೆಯಿಂದ ಬೆರಳು ತೆಗೆದರು. ರೈಫಲ್ ಕೆಳಗಿಟ್ಟ ಮೇಲೆ ಬಹಳ ಹೊತ್ತು ಅವರ ಕೈ ನಡುಗುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಆ ಕುರಿಗಾಹಿ ಬೆಂಕಿಪೊಟ್ಟಣ ಕೇಳಿಕೊಂಡು ನಮ್ಮ ಗುಡಿಸಲಿಗೇ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ನಾವೂ ಹೇಳಲಿಲ್ಲ.

ಇಲ್ಲಿ ಒಂದು ವಿಷಯ ತಿಳಿಯಬೇಕು. ನಮ್ಮ ಹಳೆಯ ಕೇಪಿನ ಕೋವಿ, ತೋಟಾ ಕೋವಿಗಳ ನಳಿಗೆ ಒಳಗೆ ನುಣುಪು. ಅದರ ಚರೆ ಚದುರಿ, ಬೇಗ ಬಲ ಕಳೆದುಕೊಳ್ಳುತ್ತದೆ. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಕಳಿಸುತ್ತವೆ. ಗುರಿ ತಪ್ಪಿದ ಗುಂಡು ಒಂದೆರಡು ಕಿಲೋಮೀಟರ್ ಹೋಗಬಲ್ಲದು. ಪ್ರಾಣಿಯ ಮೈ ತೂರಿಕೊಂಡೂ ಮುಂದೆ ಹೋಗಬಹುದು. ಗುಡ್ಡದ ನಾಡಿನಲ್ಲಾದರೆ ಹಿಂದೊಂದು ದಿಬ್ಬ ತಡೆದೀತು. ನಮ್ಮ ಎರೆ ಬಯಲಿನಲ್ಲಿ ತಡೆಯುವುದೇನಿದೆ? ಆಚೆ ಹೊಲದ ಗುಡಿಸಲು, ರಾತ್ರಿ ನೀರು ಕಟ್ಟುವವರು, ಕುರಿಗಾಹಿಗಳು, ಅಷ್ಟೇ.

ಇನ್ನು ಕಾನೂನು. ಲೈಸೆನ್ಸ್ ಇದ್ದರೆ ಬೇಟೆಯಾಡಬಹುದೆಂದು ಈಗಲೂ ನಂಬಿದವರಿದ್ದಾರೆ. ಅದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ಪರವಾನಗಿ ಪಡೆದು ಆಡುವ ಬೇಟೆ ಮುಗಿಯಿತು. ಬಂದೂಕಿನ ಲೈಸೆನ್ಸ್ ಬಂದೂಕು ಇಟ್ಟುಕೊಳ್ಳಲು ಮಾತ್ರ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಆದರೆ ಬೇಟೆಗೆ ಅಲ್ಲಿಯೂ ವಿನಾಯಿತಿ ಇಲ್ಲ. ಚಿಗರೆ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯ ಪ್ರಾಣಿ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಹೊಡೆಯಲು ಅನುಮತಿ ಕೊಡುವ ಅವಕಾಶವೇ ಕಾಯಿದೆಯಲ್ಲಿಲ್ಲ. ಕೊಂದರೆ ಮೂರರಿಂದ ಏಳು ವರ್ಷ ಸೆರೆವಾಸ. 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 25,000 ರೂಪಾಯಿ ದಂಡ. ಬಂದೂಕು, ವಾಹನ ಸರ್ಕಾರದ ವಶ. ನ್ಯಾಯಾಲಯ ಬಂದೂಕಿನ ಲೈಸೆನ್ಸನ್ನೂ ರದ್ದು ಮಾಡಬಹುದು. ನರಿಯೂ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಯೇ. ಎರಡು ಎಕರೆ ಕಡಲೆಯ ನಷ್ಟ ಒಂದು ವರ್ಷದ್ದು. ಕೋರ್ಟು ಕಚೇರಿಯ ನಷ್ಟ ಮನೆತನದ್ದು.

ನರಿಯ ವಿಚಾರಕ್ಕೆ ಬರೋಣ. ಅಂದು ಬೆಳಿಗ್ಗೆ ನಾವಿಬ್ಬರೂ ಬದುವಿನ ಮೇಲೆ ನಡೆಯುವಾಗ ಕಲ್ಲಿನ ಮೇಲೆ ನರಿಯ ಹಿಕ್ಕೆ ಕಂಡಿತು. ಕಡ್ಡಿಯಿಂದ ಬಿಡಿಸಿ ನೋಡಿದೆವು. ಇಲಿಯ ಕೂದಲು, ಸಣ್ಣ ಎಲುಬು, ಜೀರುಂಡೆಯ ರೆಕ್ಕೆ ಚೂರು, ಬಾರೆ ಹಣ್ಣಿನ ಬೀಜ. ಕೋಳಿಯ ಗರಿ ಒಂದೂ ಇರಲಿಲ್ಲ. ನಮ್ಮ ಬಯಲಿನ, ಬಾಲದ ತುದಿ ಕಪ್ಪಾದ ಚಿಕ್ಕ ನರಿಯ ಆಹಾರವೇ ಇದು: ಇಲಿ, ಗೆದ್ದಲು, ಮಿಡತೆ, ಏಡಿ, ಉದುರಿದ ಹಣ್ಣು. ಗುಳ್ಳೆನರಿ ಶೇಂಗಾ ಕೆದರುವುದು, ಗೋವಿನಜೋಳದ ತೆನೆ ಮುರಿಯುವುದು ನಿಜ. ಕೋಳಿ ಬಿಟ್ಟಿ ಸಿಕ್ಕರೆ ಯಾವ ನರಿಯೂ ಬಿಡುವುದಿಲ್ಲ. ಅದಕ್ಕೆ ಮದ್ದು ಭದ್ರವಾದ ಕೋಳಿಗೂಡು. ಇಲಿ ಗರ್ಭ ಧರಿಸಿದ ಮೂರೇ ವಾರಕ್ಕೆ ಮರಿ ಹಾಕುತ್ತದೆ. ಹೊಲದ ಹೆಗ್ಗಣ ತೆನೆಗಳನ್ನು ಬಿಲದಲ್ಲಿ ಕೂಡಿಡುತ್ತದೆ. ಇವುಗಳ ವಿರುದ್ಧ ಕೂಲಿ ಕೇಳದೆ ರಾತ್ರಿಯೆಲ್ಲ ದುಡಿಯುವ ಆಳು ನರಿ ಮತ್ತು ಗೂಬೆ. ಬೆಳಿಗ್ಗೆ ನರಿ ಮುಖ ನೋಡಿದರೆ ಒಳ್ಳೆಯದೆಂದು ಹಿರಿಯರು ಹೇಳಿದ ಮಾತು ಹೊಲದ ಮಟ್ಟಿಗಂತೂ ಸುಳ್ಳಲ್ಲ.

ಹಾಗಾದರೆ ಬೆಳೆ ಕಾಯುವುದು ಹೇಗೆ? ಒಬ್ಬನ ಹೊಲದಿಂದ ಓಡಿಸಿದ ಹಿಂಡು ಪಕ್ಕದವನ ಹೊಲಕ್ಕೆ ಹೋಗುತ್ತದೆ. ಆದ್ದರಿಂದ ಒಬ್ಬೊಬ್ಬರ ಕೆಲಸವಲ್ಲ ಇದು.

ಕಡಲೆಗೆ ಹೆಚ್ಚು ಅಪಾಯ ಮೊದಲ ನಲವತ್ತೈದು ದಿನ. ಅಷ್ಟು ದಿನ ಹತ್ತು ಹನ್ನೆರಡು ಹೊಲದವರು ಕೂಡಿ ಸರದಿ ಕಾವಲು ಹಾಕಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕೈದು ರಾತ್ರಿ. ಡಬ್ಬಿ, ಹಲಗೆ, ಬ್ಯಾಟರಿ ಸಾಕು. ಒಂದೇ ಬಗೆಯ ಸದ್ದಿಗೆ ಪ್ರಾಣಿ ಒಗ್ಗಿಕೊಳ್ಳುತ್ತದೆ, ಬದಲಾಯಿಸುತ್ತಿರಿ.

ಹೊಲದ ಸುತ್ತ ನಾಲ್ಕಾರು ಸಾಲು ಮುಳ್ಳು ಕುಸುಬೆ ಹಾಕುವುದು ನಮ್ಮ ಹಿರಿಯರ ರೂಢಿ. ಮುಳ್ಳು ಬಲಿಯುವುದು ತಡವಾಗಿ. ಅಲ್ಲಿಯವರೆಗೆ ಕಾವಲು ಬಿಡಬೇಡಿ. ಎಣ್ಣೆಕಾಳು ಬಂದದ್ದು ಲಾಭವೇ. ಬದುವಿಗೆ ಕತ್ತಾಳೆ, ಕಳ್ಳಿ ಹಚ್ಚಿದರೆ ವರ್ಷಗಳ ಬೇಲಿ. ಹಳೆ ಸೀರೆ, ನೈಲಾನ್ ಬಲೆಯ ಬೇಲಿ ಎಳೆ ಬೆಳೆಗೆ ಅಗ್ಗದ ಉಪಾಯ. ಬಲೆಯಲ್ಲಿ ಪ್ರಾಣಿ ಸಿಕ್ಕಿಕೊಳ್ಳದಂತೆ ಬಿಗಿಯಾಗಿ ಕಟ್ಟಿ. ಮನೆಯ ವಿದ್ಯುತ್ ಲೈನನ್ನು ತಂತಿಗೆ ಕೊಡುವುದು ಮಾತ್ರ ಎಂದಿಗೂ ಬೇಡ. ಅದು ಚಿಗರೆಗಿಂತ ಮೊದಲು ನಿಮ್ಮ ಮಗನನ್ನು ಹಿಡಿದೀತು.

ಹಾನಿಯಾದರೆ ಸುಮ್ಮನಿರಬೇಡಿ. ಅಂದೇ ಹೊಲದ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಪರಿಹಾರದ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. 2026ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳ ಹಾನಿಯನ್ನೂ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಎಂಬುದನ್ನು ಗುರುತಿಸುವುದು ರಾಜ್ಯಗಳಿಗೆ ಬಿಟ್ಟದ್ದು. ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ನಿಮ್ಮ ಹೋಬಳಿಗೆ ಇದು ಅನ್ವಯವೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಸರ್ಕಾರಕ್ಕೂ ಒಂದು ಮಾತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಚಿಗರೆಗೆ ಎಲ್ಲೆಕಲ್ಲು ಗೊತ್ತಿಲ್ಲ. ನಾಡಿಗೆಲ್ಲ ಸೇರಿದ ಪ್ರಾಣಿಯನ್ನು ಸಾಕುವ ಭಾರ ಎರಡು ಎಕರೆಯ ರೈತನೊಬ್ಬನ ಮೇಲೆ ಬೀಳಬಾರದು. ಬಂದೂಕು ಎತ್ತಬೇಡವೆಂದು ಹೇಳುವ ಸರ್ಕಾರ ಪರಿಹಾರವನ್ನು ಮುಂದಿನ ಬಿತ್ತನೆಯೊಳಗೆ ಕೊಡಬೇಕು. ತಡವಾಗಿ ಬಂದ ಪರಿಹಾರ ಬಡ್ಡಿಗೂ ಸಾಲದು.

ಆ ರೈತರು ಈಗಲೂ ಕಡಲೆ ಬೆಳೆಯುತ್ತಾರೆ. ಚಿಗರೆಯೂ ಬರುತ್ತದೆ, ಒಂದಿಷ್ಟು ತಿನ್ನುತ್ತದೆ, ಹನ್ನೊಂದು ಹೊಲದವರ ಸರದಿ ಕಾವಲು ಉಳಿದದ್ದನ್ನು ಕಾಯುತ್ತದೆ. ರೈಫಲ್ ಮಹಾನವಮಿಯ ಪೂಜೆಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತದೆ. ಈ ಪುಟವನ್ನು ಓದುವ ವಾಚನಾಲಯದಲ್ಲೇ ನಾಲ್ಕು ಜನ ಕುಳಿತು ನಿಮ್ಮೂರಿನ ಸರದಿಯ ಪಟ್ಟಿ ಬರೆದರೆ ಈ ವಾರದ ಬರಹ ಸಾರ್ಥಕ.